ಸೋತ ಚುನಾವಣೆಯ ನಂತರ ಟಿವಿಯಲ್ಲಿ ಏನು ನೋಡಬೇಕು? ಮುಗಿಯುವ ಸುದ್ದಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ನೀವು ನೆಚ್ಚಿಕೊಂಡ ಪಕ್ಷ ಸೋತಿದೆ. ಟಿವಿ ಹಾಕಿದರೆ ಸಂಕಟ, ಹಾಕದಿದ್ದರೆ ಏನೋ ಕಳೆದುಕೊಂಡ ಹಾಗೆ. ಮನೆಯಲ್ಲಿ ಅಮ್ಮನಿಗೂ ನ್ಯೂಸ್ ಬೇಕೇ ಬೇಕು. ಕನ್ನಡದಲ್ಲಿ ಸಮಾಧಾನವಾಗಿ ಸುದ್ದಿ ಹೇಳುವ ಚಾನೆಲ್ ಇದೆಯಾ, ಇಲ್ಲ ನೋಡೋದನ್ನೇ ಬಿಡಬೇಕಾ ಅಂತ ಕೇಳಿದ್ದೀರಿ.

ಬಿಡಬೇಡಿ. ಬೇರೆ ಥರ ನೋಡಿ. ಎರಡು ವರ್ಷದ ಹಿಂದೆ ನನಗೆ ಇದೇ ಆಗಿತ್ತು ಅಂದರೂ ತಪ್ಪಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. 2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಎಣಿಕೆ ಡ್ಯೂಟಿ ನನಗೂ ಬಿದ್ದಿತ್ತು. ಯಾರಿಗೆ ಓಟು ಹಾಕಿದ್ದೆ ಅಂತ ಇಲ್ಲಿ ಹೇಳುವುದಿಲ್ಲ, ನನ್ನ ಕೆಲಸಕ್ಕೆ ಅದು ಒಪ್ಪುವುದಿಲ್ಲ. ನಾನು ಅಂದುಕೊಂಡದ್ದು ಆಗಲಿಲ್ಲ, ಅಷ್ಟೇ. ಆ ವರ್ಷ ಹಾಗೆ ಬೇಜಾರಾದವರು ಎರಡೂ ಕಡೆ ಇದ್ದರು. ಬಿಜೆಪಿ 303ರಿಂದ 240ಕ್ಕೆ ಇಳಿಯಿತು. ಆದರೂ ಎನ್‌ಡಿಎ 293 ಸೀಟು ಸೇರಿಸಿಕೊಂಡು ಸರ್ಕಾರ ಮಾಡಿತು. ಕರ್ನಾಟಕದ 28ರಲ್ಲಿ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2. ಯಾರನ್ನು ಕೇಳಿದರೂ ಅವರದ್ದೇ ಒಂದು ಸಂಕಟ ಇತ್ತು.

ಎಣಿಕೆ ಹಾಲ್ ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ.

ನಸುಕಿಗೇ ಹೋಗಬೇಕು. ಫೋನು ಒಳಗೆ ಬಿಡುವುದಿಲ್ಲ. ಒಂದು ವಿಧಾನಸಭಾ ಕ್ಷೇತ್ರದ ಮತಗಳಿಗೆ ಒಂದು ಹಾಲ್, ಸಾಮಾನ್ಯವಾಗಿ 14 ಟೇಬಲ್. ಪ್ರತಿ ಟೇಬಲ್ಲಿಗೆ ಒಬ್ಬ ಮೇಲ್ವಿಚಾರಕರು, ಒಬ್ಬ ಸಹಾಯಕರು, ಎಣಿಕೆಯ ಮೇಲೆ ಕಣ್ಣಿಡುವ ಒಬ್ಬ ಮೈಕ್ರೋ ಅಬ್ಸರ್ವರ್. ತಂತಿ ಜಾಲರಿಯ ಆಚೆ ಅಭ್ಯರ್ಥಿಗಳ ಏಜೆಂಟರು, ಕೈಯಲ್ಲಿ ಹಾಳೆ, ಪೆನ್ನು. ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಮತಗಳು ದಾಖಲಾಗಿರುವ ಭಾಗ, ಬಂದು ಟೇಬಲ್ ಮೇಲೆ ಕೂರುತ್ತದೆ. ಅದರ ನಂಬರನ್ನು 17ಸಿ ಫಾರಂ, ಅಂದರೆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆ, ಅದರ ಜೊತೆ ತಾಳೆ ನೋಡುತ್ತೇವೆ. ಸೀಲ್ ಸರಿಯಾಗಿದೆಯಾ ಅಂತ ಏಜೆಂಟರಿಗೆ ತೋರಿಸುತ್ತೇವೆ. ಆಮೇಲೆ ರಿಸಲ್ಟ್ ಬಟನ್ ಒತ್ತಿದರೆ ಒಬ್ಬೊಬ್ಬ ಅಭ್ಯರ್ಥಿಯ ಮತ ಪುಟ್ಟ ಪರದೆಯ ಮೇಲೆ ಬರುತ್ತಾ ಹೋಗುತ್ತದೆ. ಅವತ್ತು ಒಬ್ಬ ಹುಡುಗ, ಏಜೆಂಟು, "ಸರ್, ಆ ಮೂರನೇದು ಇನ್ನೊಂದ್ಸಲ ತೋರಿಸಿ" ಅಂದ. ಮತ್ತೆ ಒತ್ತಿದೆವು. ಬರೆದುಕೊಂಡ. ಅವನ ಪಕ್ಕದಲ್ಲಿದ್ದ ಎದುರು ಪಕ್ಷದ ಯಜಮಾನರ ಪೆನ್ನು ಅಷ್ಟೊತ್ತಿಗೆ ಕೈಕೊಟ್ಟಿತ್ತು. ಈ ಹುಡುಗ ಜೇಬಿನಲ್ಲಿದ್ದ ಇನ್ನೊಂದು ಪೆನ್ನು ತೆಗೆದು ಅವರಿಗೆ ಕೊಟ್ಟ. ಇಬ್ಬರೂ ತಲೆ ಬಗ್ಗಿಸಿ ಬರೆಯುತ್ತಾ ನಿಂತರು. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರೌಂಡು ಮುಗಿದಾಗ ಮೈಕಿನಲ್ಲಿ ಅಂಕಿ ಓದುತ್ತಿದ್ದರು. ಕೆಲವರ ಮುಖ ಬಾಡುತ್ತಿತ್ತು. ಮುಂದಿನ ಮೆಷಿನ್ ಬರುತ್ತಿತ್ತು.

ಸಂಜೆ ಮನೆಗೆ ಬಂದರೆ ಅಪ್ಪ ಬೆಳಗ್ಗೆ ಏಳಕ್ಕೆ ಕೂತ ಕುರ್ಚಿಯಲ್ಲೇ ಇದ್ದರು. ಬಿಪಿ ಮಾತ್ರೆ ಲೋಟದ ಪಕ್ಕ ಹಾಗೇ ಬಿದ್ದಿತ್ತು. ಟಿವಿಯಲ್ಲಿ ಆರು ಜನ ಆರು ಚೌಕದಲ್ಲಿ ಒಟ್ಟಿಗೆ ಕೂಗುತ್ತಿದ್ದರು. ಕೆಳಗೆ ಕೆಂಪು ಪಟ್ಟಿ, ಮೇಲೆ ಇನ್ನೊಂದು ಪಟ್ಟಿ, ಹಿಂದೆ ಡೋಲಿನ ಸದ್ದು. ಅಪ್ಪ ಹಳೇ ಡೈರಿಯಲ್ಲಿ ಬೆಳಗ್ಗೆಯಿಂದ ಮುನ್ನಡೆಯ ಲೆಕ್ಕ ಬರೆದುಕೊಂಡು ಹೋಗಿದ್ದರು. "ಎಂಟೂ ಕಾಲಿಗೆ ನಮ್ಮೋರೇ ಮುಂದಿದ್ರು ಕಣೋ, ಆಮೇಲೆ ಏನಾಯ್ತೋ" ಅಂದರು. ಎಂಟು ಗಂಟೆಗೆ ಶುರುವಾಗುವುದು ಅಂಚೆ ಮತದ ಎಣಿಕೆ, ಮೆಷಿನ್ ಎಣಿಕೆ ಶುರುವಾಗುವುದು ಅರ್ಧ ಗಂಟೆ ಆದಮೇಲೆ ಅಂತ ನಾನು ವಿವರಿಸಿದೆ. ಎಂಟೂ ಕಾಲಿಗೆ ನಮ್ಮ ಟೇಬಲ್ಲಿಗೆ ಒಂದು ಮೆಷಿನ್ನೂ ಬಂದಿರಲಿಲ್ಲ. ಅಪ್ಪನಿಗೆ ಅದು ಬೇಕಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ ಕೂತಿದ್ದರು.

ನಾನು ದಿನವಿಡೀ ಅದೇ ಮತಗಳನ್ನು ಎಣಿಸಿ ಬಂದಿದ್ದೆ. ನನಗೂ ಬೇಸರ ಇತ್ತು. ಆದರೆ ಅಪ್ಪನಿಗೆ ಆದ ಹಾಗೆ ಎದೆ ಹಿಂಡಿರಲಿಲ್ಲ. ನನಗೆ ಸೋಲು ಒಂದು ಸಲ ಗೊತ್ತಾಯಿತು. ಅಪ್ಪನಿಗೆ ಅದನ್ನು ಇನ್ನೂರು ಸಲ ಹೇಳಿದ್ದರು.

ಇದೇ ನೋಡಿ ವಿಷಯ. ಫಲಿತಾಂಶ ಅನ್ನುವುದು ಒಂದು ಸಾಲು. ಇಡೀ ದಿನದ ಚಾನೆಲ್‌ಗೆ ಒಂದು ಸಾಲು ಸಾಕಾಗುವುದಿಲ್ಲ. ಹಾಗಾಗಿ ಅದನ್ನೇ ತಿರುಗಿಸಿ ಮುರುಗಿಸಿ ವಾರಗಟ್ಟಲೆ ಹೇಳುತ್ತಾರೆ. ನೀವು ಹುಡುಕಬೇಕಾದದ್ದು ಶಾಂತವಾದ ಚಾನೆಲ್‌ಗಿಂತ ಹೆಚ್ಚಾಗಿ ಮುಗಿಯುವ ಸುದ್ದಿ. ನಮಸ್ಕಾರ ಅಂತ ಶುರುವಾಗಿ, ನಮಸ್ಕಾರ ಅಂತ ಮುಗಿಯಬೇಕು.

ಅಂಥದ್ದು ಕನ್ನಡದಲ್ಲಿ ಇದೆ. ದೂರದರ್ಶನ ಚಂದನದ ವಾರ್ತೆ. ಕ್ವಿಜ್ ನೋಡುವುದಕ್ಕೆ, ಅಂದರೆ ನಾ. ಸೋಮೇಶ್ವರ ಅವರ ಥಟ್ ಅಂತ ಹೇಳಿಗೆ ಮಾತ್ರ ಆ ಚಾನೆಲ್ ಹಾಕುತ್ತಿದ್ದ ಮನೆ ನಮ್ಮದು. ಜೂನ್ ಎರಡನೇ ವಾರದಿಂದ ಅಲ್ಲೇ ವಾರ್ತೆಯನ್ನೂ ನೋಡಲು ಶುರು ಮಾಡಿದೆವು. ಒಬ್ಬರು ಕೂತು ಓದುತ್ತಾರೆ. ರಾಜಕೀಯ ಆದಮೇಲೆ ಮಳೆ, ಜಲಾಶಯದ ನೀರಿನ ಮಟ್ಟ, ಬಿತ್ತನೆ ಬೀಜ, ಪರೀಕ್ಷೆ, ಕ್ರೀಡೆ. ಮುಗಿಯಿತು. ಮೊದಲ ದಿನ ಅಪ್ಪ "ಇಷ್ಟೇನಾ?" ಅಂದರು. ಇಷ್ಟೇ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ದೂರದರ್ಶನ, ಆಕಾಶವಾಣಿ ಎರಡೂ ಪ್ರಸಾರ ಭಾರತಿಯ ಕೈಕೆಳಗಿವೆ, ಅದಕ್ಕೆ ದುಡ್ಡು ಬರುವುದು ಹೆಚ್ಚಾಗಿ ಕೇಂದ್ರ ಸರ್ಕಾರದಿಂದ. ಅಲ್ಲಿ ಸರ್ಕಾರದ ಕಾರ್ಯಕ್ರಮಗಳ ಸುದ್ದಿ ಜಾಸ್ತಿ, ಸರ್ಕಾರವನ್ನು ಪ್ರಶ್ನಿಸುವ ಸುದ್ದಿ ಕಡಿಮೆ. 2024ರ ಏಪ್ರಿಲ್‌ನಲ್ಲಿ, ಚುನಾವಣೆ ನಡೆಯುತ್ತಿರುವಾಗಲೇ ಡಿಡಿ ನ್ಯೂಸ್ ಲೋಗೋದ ಬಣ್ಣ ಕೇಸರಿ ಆದಾಗ ದೊಡ್ಡ ಗಲಾಟೆಯೇ ಆಯಿತು, ನೆನಪಿರಬಹುದು. ಧ್ವನಿ ತಣ್ಣಗಿದ್ದ ಮಾತ್ರಕ್ಕೆ ಸುದ್ದಿ ಪೂರ್ತಿ ಇದೆ ಅಂತಲ್ಲ. ಅದಕ್ಕೇ ನಾನು ಬೆಳಗ್ಗೆ ಒಂದು ದಿನಪತ್ರಿಕೆಯನ್ನು ಸಂಪಾದಕೀಯ ಪುಟದ ಸಮೇತ ಓದುತ್ತೇನೆ. ಚಂದನದಲ್ಲಿ ಬಿಟ್ಟುಹೋದದ್ದು ಅಲ್ಲಿ ಸಿಗುತ್ತದೆ. ಪೇಪರೂ ಮುಗಿಯುತ್ತದೆ, ಅಲ್ವಾ.

ಆಕಾಶವಾಣಿಯ ಪ್ರದೇಶ ಸಮಾಚಾರವನ್ನೂ ಮರೆಯಬೇಡಿ. ಹತ್ತು ನಿಮಿಷ. ನಿಮ್ಮ ಅಮ್ಮ ಅಡುಗೆ ಮನೆಯಲ್ಲಿ ಕೇಳಿಸಿಕೊಳ್ಳಬಹುದು. ರೇಡಿಯೋ ಇಲ್ಲದಿದ್ದರೆ ಫೋನಿನಲ್ಲಿ ನ್ಯೂಸ್ ಆನ್ ಏರ್ ಆ್ಯಪ್ ಇದೆ.

ಖಾಸಗಿ ಚಾನೆಲ್ ನೋಡಲೇಬಾರದು ಅಂತ ನಾನು ಹೇಳುವುದಿಲ್ಲ. ಊರಿನ ಕೆರೆ ಒಡೆದರೆ ಮೊದಲು ಕ್ಯಾಮೆರಾ ಹಿಡಿದು ಬರುವವರು ಅವರ ವರದಿಗಾರರೇ. ನೋವು ಕೊಡುವುದು ಸ್ಟುಡಿಯೋ. ಅದನ್ನು ಗುರುತು ಹಿಡಿಯುವುದಕ್ಕೆ ಕನ್ನಡ ಪಾಠ ಮಾಡುವ ನನಗೆ ಒಂದು ಗುರುತು ಸಿಕ್ಕಿದೆ: ಕ್ರಿಯಾಪದ ಗಮನಿಸಿ. ಒಬ್ಬ ನಾಯಕ ಮಾತಾಡಿದ್ದಕ್ಕೆ "ಹೇಳಿದರು", "ತಿಳಿಸಿದರು", "ಆರೋಪಿಸಿದರು" ಅಂತ ಬಂದರೆ ಅಲ್ಲಿ ಸುದ್ದಿ ಇದೆ. "ಕಿಡಿಕಾರಿದರು", "ಗುಡುಗಿದರು", "ಕೆಂಡಾಮಂಡಲರಾದರು" ಅಂತ ಬಂದರೆ ಅವರು ಏನು ಹೇಳಿದರು ಅನ್ನುವುದು ಕೊನೆವರೆಗೂ ಗೊತ್ತಾಗುವುದಿಲ್ಲ. ಸೋತವರ ವಿಷಯದಲ್ಲೂ ಹಾಗೇ. "ಸೋತರು" ಅಂದರೆ ಸಾಕು. "ಧೂಳೀಪಟ", "ಮುಖಭಂಗ" ಅಂದಾಗ ಸೋತ ಪಕ್ಷಕ್ಕೆ ಓಟು ಹಾಕಿದ ನಿಮಗೂ ಹೊಡೆದ ಹಾಗಾಗುತ್ತದೆ. ಒಂದು ದಿನ ಕಿವಿಗೊಟ್ಟು ಕೇಳಿ, ನಿಮಗೇ ಗೊತ್ತಾಗುತ್ತದೆ.

ಯಾಕೆ ಹೀಗೆ ಮಾಡುತ್ತಾರೆ ಅಂದರೆ ಟಿಆರ್‌ಪಿ. ಬಾರ್ಕ್ ಅನ್ನುವ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಯಾರು ಎಷ್ಟು ಹೊತ್ತು ಯಾವ ಚಾನೆಲ್ ನೋಡಿದರು ಅಂತ ಲೆಕ್ಕ ಹಾಕುತ್ತದೆ. ಜಾಹೀರಾತಿನ ರೇಟು ಅದರ ಮೇಲೆ ನಿಲ್ಲುತ್ತದೆ. 2020ರ ಅಕ್ಟೋಬರ್‌ನಲ್ಲಿ ಈ ಲೆಕ್ಕದಲ್ಲೇ ಮೋಸ ಆಗಿದೆ ಅಂತ ಮುಂಬೈ ಪೊಲೀಸರು ಆರೋಪ ಮಾಡಿದ ಮೇಲೆ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದ್ದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಇನ್ನೊಂದು ಸಂಗತಿ ಇದೆ, ಇದು ನೇರವಾಗಿ ನಿಮ್ಮ ಮನೆಗೆ ಸಂಬಂಧಪಟ್ಟದ್ದು. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ತಾನಾಗಿ ಒಂದು ಚಾನೆಲ್ ಬರುತ್ತದಲ್ಲ, ಅದಕ್ಕೆ ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ. ಆ ಜಾಗಕ್ಕೆ ಚಾನೆಲ್‌ನವರು ಕೇಬಲ್‌ನವರಿಗೆ ದುಡ್ಡು ಕೊಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಆರಿಸಿದ್ದು ಅಂತ ನಾನು ಅಂದುಕೊಂಡಿದ್ದ ಚಾನೆಲ್ ಅವರು ಆರಿಸಿದ್ದೇ ಅಲ್ಲ. ಟಿವಿ ಹಾಕಿದಾಗ ಬಂದದ್ದನ್ನು ನೋಡುತ್ತಾ ಕೂತಿದ್ದರು. ನಾನು ಫೇವರಿಟ್ ಪಟ್ಟಿಯಲ್ಲಿ ನಾಲ್ಕೇ ಚಾನೆಲ್ ಹಾಕಿಟ್ಟು, ರಿಮೋಟಿನ ಆ ಬಟನ್ ಮೇಲೆ ಬಿಂದಿ ಅಂಟಿಸಿಕೊಟ್ಟೆ. ನಿಮ್ಮ ಅಮ್ಮನಿಗೂ ಹೀಗೇ ಮಾಡಿಕೊಡಿ. ರಿಮೋಟ್ ಮಾತ್ರ ಕಸಿದುಕೊಳ್ಳಬೇಡಿ. ನಾನು ಮೊದಲ ದಿನ ಅದನ್ನೇ ಮಾಡಿದ್ದೆ, ಅಪ್ಪ ಎರಡು ದಿನ ಮಾತು ಬಿಟ್ಟರು.

ಎಣಿಕೆಯ ದಿನಕ್ಕೆ ಬೇರೆ ದಾರಿ ಇದೆ. ಚುನಾವಣಾ ಆಯೋಗದ ಫಲಿತಾಂಶದ ವೆಬ್‌ಸೈಟ್ ತೆರೆದು ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನೋಡಿ. ರೌಂಡು ರೌಂಡಿನ ಲೆಕ್ಕ ಅಲ್ಲೇ ಇರುತ್ತದೆ. ಸಂಜೆಯ ಸುದ್ದಿಯೂ ಕೊನೆಯದಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಗೆದ್ದರು ಅಂತಲೇ ಮೊದಲು ಸುದ್ದಿ ಆಯಿತು. ಮರು ಎಣಿಕೆ ಆಗಿ ತಡರಾತ್ರಿ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು ಅಂತ ಘೋಷಣೆ ಆಯಿತು. ಎಕ್ಸಿಟ್ ಪೋಲ್ ಬಗ್ಗೆ ನಾನು ಹೇಳುವುದೇ ಬೇಡ. 2024ರ ಜೂನ್ 1ರ ಸಂಜೆ ಎನ್‌ಡಿಎಗೆ 350ರ ಮೇಲೆ ಅಂದವರೇ ಹೆಚ್ಚು.

ಕೊನೆಗೆ ಸಂಸದ್ ಟಿವಿ. ಲೋಕಸಭಾ ಟಿವಿ, ರಾಜ್ಯಸಭಾ ಟಿವಿ ಎರಡನ್ನೂ ಸೇರಿಸಿ 2021ರಲ್ಲಿ ಶುರು ಮಾಡಿದ್ದು. ನಮ್ಮ ಮನೆಗೆ ಇದು ಉಪಕಾರ ಮಾಡಿದಷ್ಟು ಬೇರೇನೂ ಮಾಡಲಿಲ್ಲ. 2024ರ ಜೂನ್ 24ಕ್ಕೆ ಹೊಸ ಲೋಕಸಭೆ ಸೇರಿತು. ಎರಡು ದಿನ ಬರೀ ಪ್ರಮಾಣ ವಚನ. ಹೆಸರು ಕರೆಯುವುದು, ಬಂದು ಓದುವುದು, ಸಹಿ ಹಾಕುವುದು. ನಮ್ಮ ರಾಜ್ಯದ ಹಲವರು ಕನ್ನಡದಲ್ಲೇ ಓದಿದರು. ಬೇರೆಯವರಿಗೆ ಬೋರ್ ಅನಿಸಬಹುದು. ಅಪ್ಪ ತಮಿಳು, ತೆಲುಗು, ಬಂಗಾಳಿ ಎಲ್ಲಾ ಕೇಳಿಸಿಕೊಳ್ಳುತ್ತಾ ಕೂತಿದ್ದರು.

26ರಂದು ನಾನು ಶಾಲೆಯಿಂದ ಬರುವಷ್ಟರಲ್ಲಿ ಟಿವಿ ಆಫ್ ಆಗಿತ್ತು. ಅಪ್ಪ ಜಗುಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. "ಸ್ಪೀಕರ್ ಆಯ್ಕೆ ಆಯ್ತು ಕಣೋ, ಓಂ ಬಿರ್ಲಾನೇ ಮತ್ತೆ. ಮೋದಿ, ರಾಹುಲ್ ಗಾಂಧಿ ಇಬ್ಬರೂ ಹೋಗಿ ಅವರನ್ನ ಕುರ್ಚೀಲಿ ಕೂರಿಸಿ ಬಂದ್ರು. ಕೈನೂ ಕುಲುಕಿದ್ರು" ಅಂದರು. ಆಮೇಲೆ ಮಾತ್ರೆ ತಗೊಂಡೆ ಅಂತ ನಾನು ಕೇಳುವ ಮುಂಚೆ ಅವರೇ ಹೇಳಿದರು.