ಸೂಜಿ ದಾರದ ಮಾತು: ಬಿಸಿಲಿಗೆ ಉಲ್ಲನ್ ಟೋಪಿ ಬೇಡ, ಹತ್ತಿ ದಾರ ಹಿಡಿಯಿರಿ

ಈ ಸಲ ಬಂದ ಪತ್ರಗಳೆಲ್ಲ ನಮ್ಮ ಕಡೆಯವೇ. ಸಿಂಧನೂರು, ಬಳ್ಳಾರಿ, ಕುಷ್ಟಗಿ, ರಾಯಚೂರು, ಸಂಡೂರು. ಕೈಯಾರೆ ಏನಾದರೂ ಮಾಡಿ ಮನೆಯವರಿಗೆ ಕೊಡಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಓದಿ ತುಂಬಾ ಖುಷಿಯಾಯಿತು. ಆರಿಸಿದ ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

*ಅಕ್ಕಾ, ನನ್ನ ತಂಗಿಗೆ ಏಪ್ರಿಲ್ ಕೊನೆಗೆ ಡೆಲಿವರಿ ಅಂತ ಡೇಟ್ ಕೊಟ್ಟಿದ್ದಾರೆ. ಮಗುವಿಗೆ ಉಲ್ಲನ್ ಸ್ವೆಟರ್, ಟೋಪಿ, ಸಾಕ್ಸ್ ಮಾಡಿ ಕುಬಸದ ದಿನ ಕೊಡಬೇಕು ಅಂದುಕೊಂಡಿದ್ದೇನೆ. ನಮ್ಮ ಅತ್ತೆ "ಈ ಬಿಸಿಲಿಗೆ ಕೂಸಿಗೆ ಯಾರು ಉಲ್ಲನ್ ಹಾಕ್ತಾರೆ" ಅಂತಾರೆ. ಏನು ಮಾಡಲಿ?*
*– ಸಿಂಧನೂರಿನ ಓದುಗರು*

ನಿಮ್ಮ ಅತ್ತೆ ಹೇಳಿದ್ದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಗಡಿಯಲ್ಲಿ ನಾವು ಉಲ್ಲನ್ ಅಂತ ತರುವುದು ಹೆಚ್ಚಾಗಿ ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ. ಎಳೆ ಕೂಸಿನ ಮೈ ಬೇಗ ಕಾಯುತ್ತದೆ, ತಲೆ ಮುಚ್ಚಿದರೆ ಇನ್ನೂ ಜಾಸ್ತಿ. ಮಲಗಿರುವ ಮಗುವಿಗೆ ಟೋಪಿ ಹಾಕಿ ಬಿಡುವುದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಮಗು ಹುಟ್ಟುವ ಮೊದಲೇ ಅದರ ಬಟ್ಟೆ ತರಬಾರದು ಅನ್ನುವ ಮನೆಗಳು ನಮ್ಮಲ್ಲಿ ಇವೆ. ತಂಗಿಯ ಅತ್ತೆ ಮನೆಯ ಪದ್ಧತಿ ಹೇಗಿದೆ ಅಂತ ಮೊದಲು ಕೇಳಿ. ಕುಬಸದ ದಿನ ತಂಗಿಗೇ ಏನಾದರೂ ಕೊಡಿ, ಮಗುವಿನದು ತೊಟ್ಟಿಲಿಗೆ ಹಾಕುವ ದಿನಕ್ಕೆ ಇರಲಿ. ಬಾಣಂತಿ ತಲೆಗೆ ಬಟ್ಟೆ ಕಟ್ಟುತ್ತಾಳೆ ಅಲ್ವಾ, ಅದಕ್ಕೆ ತೆಳುವಾದ ಹತ್ತಿ ಬಟ್ಟೆ ತಂದು ಸುತ್ತಲೂ ಸಣ್ಣ ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಅಂಚು ಕಟ್ಟಿ. ನಾಲ್ಕೈದು ಸಂಜೆಯ ಕೆಲಸ ಅಷ್ಟೇ. ದಿನಾ ಅವಳ ಕೈಗೆ ಬರುತ್ತದೆ.

ಮಗುವಿಗೆ ಹತ್ತಿ ದಾರದಲ್ಲಿ ಮಾಡಿ, ಅದೂ ಚಳಿಗಾಲದ ಅಳತೆಗೆ. ಏಪ್ರಿಲ್‌ನಲ್ಲಿ ಹುಟ್ಟಿದ ಕೂಸಿಗೆ ಡಿಸೆಂಬರ್ ಬರುವಷ್ಟರಲ್ಲಿ ಎಂಟು ತಿಂಗಳಾಗಿರುತ್ತದೆ. ಆಗ ತಲೆಯ ಸುತ್ತಳತೆ ಸುಮಾರು 44 ಸೆಂಟಿಮೀಟರ್ ಇರುತ್ತದೆ. ಕ್ರೋಶಾ ಎಳೆದರೆ ಹಿಗ್ಗುತ್ತದೆ, ಅದಕ್ಕೇ ಟೋಪಿ 41 ಸೆಂಟಿಮೀಟರ್ ಇದ್ದರೆ ಸಾಕು. 41ನ್ನು 3.14ರಿಂದ ಭಾಗಿಸಿದರೆ 13 ಬರುತ್ತದೆ. ಅಂದರೆ ನೆತ್ತಿಯ ಚಕ್ರ ಅಡ್ಡಲಾಗಿ 13 ಸೆಂಟಿಮೀಟರ್ ಆಗುವ ತನಕ ಸುತ್ತು ಸುತ್ತಿಗೂ ಹೊಲಿಗೆ ಹೆಚ್ಚಿಸುತ್ತಾ ಹೋಗಿ, ಆಮೇಲೆ ಹೆಚ್ಚಿಸದೆ ನೇರ ಸುತ್ತು ಹಾಕಿಕೊಂಡು ಕಿವಿ ಮುಚ್ಚುವ ತನಕ ಇಳಿಸಿ. ಈ ಲೆಕ್ಕ ಗೊತ್ತಿದ್ದರೆ ಯಾವ ತಲೆಗಾದರೂ ಟೋಪಿ ಆಗುತ್ತದೆ, ಪ್ಯಾಟರ್ನ್ ಹುಡುಕುವ ಕೆಲಸವಿಲ್ಲ.

ಸಾಕ್ಸ್ ಮಾಡುವುದಾದರೆ ದಯವಿಟ್ಟು ತೂತು ತೂತಿನ ಡಿಸೈನ್ ಬೇಡ. ಕೂಸಿನ ಬೆರಳು ತೂತಿಗೆ ಸಿಕ್ಕಿಕೊಳ್ಳುತ್ತದೆ. ಒಳಗಡೆ ಬಿಟ್ಟ ದಾರದ ತುದಿ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದೇ ನಿಲ್ಲುತ್ತದೆ, ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತುದಿಗಳನ್ನೆಲ್ಲ ಸೂಜಿಯಿಂದ ಹೊಲಿಗೆಯೊಳಗೆ ಹಿಂದೆ ಮುಂದೆ ಎರಡು ಮೂರು ಸಲ ಓಡಿಸಿ ಕತ್ತರಿಸಿ. ಮಣಿ, ಗುಂಡಿ, ಕುತ್ತಿಗೆಗೆ ಕಟ್ಟುವ ಲಾಡಿ, ಇವು ಯಾವುವೂ ಬೇಡ.

*ಅಕ್ಕ, ಯೂಟ್ಯೂಬ್ ನೋಡಿ ಟೇಬಲ್ ಮೇಲೆ ಹಾಸಲು ರೌಂಡ್ ಕವರ್ ಶುರು ಮಾಡಿದೆ. ನಾಲ್ಕನೇ ಸುತ್ತಿಗೇ ಅಂಚೆಲ್ಲ ಫ್ರಿಲ್ ಥರ ಏಳುತ್ತಿದೆ. ಮೂರು ಸಲ ಬಿಚ್ಚಿದೆ. ಡಬಲ್ ಕ್ರೋಶಾ ನನಗೆ ದೊಡ್ಡಮ್ಮ ಕಲಿಸಿದ್ದು, ಚೆನ್ನಾಗಿ ಬರುತ್ತದೆ. ನಾದಿನಿಯ ಮದುವೆಗೆ ಕೊಡಬೇಕು.*
*– ಬಳ್ಳಾರಿಯ ಓದುಗರು*

ನಿಮ್ಮ ಕೈಯಲ್ಲಿ ತಪ್ಪಿಲ್ಲ, ತಪ್ಪಿರುವುದು ಹೆಸರಿನಲ್ಲಿ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದ ಡಬಲ್ ಅಂದರೆ ಉದ್ದ ಹೊಲಿಗೆ, ಬ್ರಿಟನ್ನಿನಲ್ಲಿ ಅದು ಟ್ರೆಬಲ್. ನಿಮ್ಮ ದೊಡ್ಡಮ್ಮ ಬ್ರಿಟಿಷ್ ಹೆಸರಿನಲ್ಲಿ ಕಲಿತಿರಬೇಕು, ವಿಡಿಯೋ ಅಮೆರಿಕದ ಲೆಕ್ಕದ್ದು. ವಿಡಿಯೋದಲ್ಲಿ ಎಲ್ಲಾದರೂ ಸಿಂಗಲ್ ಅನ್ನುವ ಮಾತು ಬಂದರೆ ಅದು ಅಮೆರಿಕದ್ದು ಅಂತ ತಿಳಿಯಿರಿ, ಈಗಿನ ಬ್ರಿಟಿಷ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಆ ಹೆಸರು ಬಳಸುವುದಿಲ್ಲ.

ಚಕ್ರ ಮಟ್ಟಸವಾಗಿ ಕೂರಬೇಕಾದರೆ ಗಿಡ್ಡ ಹೊಲಿಗೆಯಲ್ಲಿ ಸುತ್ತಿಗೆ 6 ಹೆಚ್ಚಬೇಕು: 6, 12, 18, 24. ಉದ್ದ ಹೊಲಿಗೆಯಲ್ಲಿ ಸುತ್ತಿಗೆ 12 ಹೆಚ್ಚಬೇಕು: 12, 24, 36, 48. ಉದ್ದ ಹೊಲಿಗೆ ಎತ್ತರ ಇರುವುದರಿಂದ ಒಂದೇ ಸುತ್ತಿಗೆ ಚಕ್ರ ಹೆಚ್ಚು ದೊಡ್ಡದಾಗುತ್ತದೆ, ಅದಕ್ಕೇ ಅದಕ್ಕೆ ಜಾಸ್ತಿ ಬೇಕು. ನೀವು ಗಿಡ್ಡ ಹೊಲಿಗೆ ಹಾಕಿ 12ರ ಲೆಕ್ಕ ಹಿಡಿದಿದ್ದೀರಿ, ಅಂಚು ನೆರಿಗೆ ಬರದೆ ಇನ್ನೇನು ಮಾಡುತ್ತದೆ? ಇದೇ ಉಲ್ಟಾ ಆದರೆ ಚಕ್ರ ಬಟ್ಟಲಿನ ಹಾಗೆ ಒಳಗೆ ಮಡಚಿಕೊಳ್ಳುತ್ತದೆ.

ಮುಗಿದ ಮೇಲೆ ಒದ್ದೆ ಮಾಡಿ, ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ, ಗುಂಡುಸೂಜಿ ಚುಚ್ಚಿ ಗುಂಡಗೆ ಎಳೆದು ಒಣಗಿಸಿ. ತುಕ್ಕು ಹಿಡಿಯದ ಸೂಜಿ ಇರಲಿ, ಇಲ್ಲದಿದ್ದರೆ ಕಲೆ ಹೋಗುವುದಿಲ್ಲ. ತಿಳಿ ಗಂಜಿಯಲ್ಲಿ ಅದ್ದಿದರೆ ಬಿಗಿಯಾಗಿ ನಿಲ್ಲುತ್ತದೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಮದುವೆಯಾದ ಹೊಸದರಲ್ಲಿ ಅತ್ತಿಗೆಗೆ ಅಚ್ಚ ಬಿಳಿ ದಾರದಲ್ಲಿ ದೊಡ್ಡ ಟೇಬಲ್ ಕ್ಲಾತ್ ಮಾಡಿ ಕೊಟ್ಟೆ. ಆರು ತಿಂಗಳು ಹಿಡಿಯಿತು. ಅದು ಇವತ್ತಿಗೂ ಅವರ ಟ್ರಂಕಿನಲ್ಲಿದೆ. "ನಮ್ಮ ಬಳ್ಳಾರಿ ಧೂಳಿಗೆ ಹಾಸಿದರೆ ಒಂದೇ ವಾರಕ್ಕೆ ಕೆಂಪಾಗುತ್ತದೆ, ನೀನು ಕಷ್ಟಪಟ್ಟು ಮಾಡಿದ್ದು ಹಾಳಾಗಬಾರದು" ಅಂತ ಎತ್ತಿಟ್ಟಿದ್ದಾರೆ. ಪ್ರೀತಿಯಿಂದಲೇ ಎತ್ತಿಟ್ಟಿದ್ದು. ಆದರೆ ಆ ಮನೆಗೆ ಹೋದಾಗಲೆಲ್ಲ ಬರೀ ಟೇಬಲ್ ನೋಡಿ ನನಗೆ ಬೇಜಾರಾಗುತ್ತದೆ. ಆಮೇಲೆ ಅವರಿಗೆ ಕಾಫಿ ಬಣ್ಣದ ದಾರದಲ್ಲಿ ಬಿಸಿ ಪಾತ್ರೆ ಇಡಲು ದಪ್ಪ ಚಕ್ರಗಳನ್ನು ಮಾಡಿ ಕೊಟ್ಟೆ. ಅವು ದಿನಾ ಒಲೆಯ ಪಕ್ಕದಲ್ಲೇ ಇರುತ್ತವೆ. ಬಿಸಿ ಪಾತ್ರೆಗೆ ಹತ್ತಿ ದಾರವೇ ಬೇಕು, ಅಕ್ರಿಲಿಕ್ ಬಿಸಿಗೆ ಕರಗುತ್ತದೆ.

*ನಮ್ಮ ಅವ್ವ ಹೋದ ವರ್ಷ ತೀರಿಕೊಂಡರು. ಅವರ ಐದು ಇಳಕಲ್ ಸೀರೆ ನನ್ನ ಹತ್ತಿರ ಇವೆ. ನಾವು ನಾಲ್ಕು ಜನ ಅಕ್ಕತಂಗಿಯರು, ಅಣ್ಣತಮ್ಮಂದಿರು. ಎಲ್ಲರಿಗೂ ಒಂದೊಂದು ಕೌದಿ ಹೊಲಿದು ಪಂಚಮಿಗೆ ಕೊಡಬೇಕು ಅಂತ ಮನಸ್ಸು. ಹೊಲಿಗೆ ಬರುತ್ತದೆ, ಕೌದಿ ಮಾತ್ರ ಯಾವತ್ತೂ ಹೊಲಿದಿಲ್ಲ.*
*– ಕುಷ್ಟಗಿಯ ಓದುಗರು*

ಕತ್ತರಿ ಹಾಕುವ ಮೊದಲು ಮೂವರಿಗೂ ಫೋನ್ ಮಾಡಿ ಕೇಳಿ. ಅವ್ವನ ಸೀರೆ ಸೀರೆಯಾಗಿಯೇ ಬೇಕು ಅನ್ನುವವರು ಒಬ್ಬರಾದರೂ ಇರಬಹುದು. ಕತ್ತರಿಸಿದ ಮೇಲೆ ಅದನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಎಲ್ಲರೂ ಒಪ್ಪಿದರೆ ಹೀಗೆ ಮಾಡಿ. ಅವ್ವ ಅತಿ ಹೆಚ್ಚು ಉಟ್ಟ ಸೀರೆ ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬೇರೆ ಇಡಿ. ಉಳಿದ ನಾಲ್ಕು ಸೀರೆ ನಾಲ್ಕು ಕೌದಿಗೆ. ಆ ಐದನೆಯದನ್ನು ಚೌಕ ಚೌಕ ತುಂಡು ಮಾಡಿ ನಾಲ್ಕರ ಮೇಲೂ ಹಚ್ಚಿ. ಆಗ ನಾಲ್ಕು ಮನೆಯಲ್ಲೂ ಅದೇ ಸೀರೆ ಇರುತ್ತದೆ.

ಸೀರೆ ಬಿಸಿಲಿಗೆ ಹಿಡಿದು ನೋಡಿ. ಎಲ್ಲಿ ಬೆಳಕು ಜಾಸ್ತಿ ತೂರುತ್ತದೋ ಅಲ್ಲಿ ಬಟ್ಟೆ ಸವೆದಿದೆ. ಆ ಭಾಗ ಮೇಲೆ ಬರದ ಹಾಗೆ ಒಳಗಿನ ಪದರಕ್ಕೆ ಹಾಕಿ. ಇಳಕಲ್ ನಿಮ್ಮ ಪಕ್ಕದ ಊರೇ, ಸೀರೆಯ ಬಗ್ಗೆ ನಾನು ಹೇಳಬೇಕಾಗಿಲ್ಲ, ಆದರೂ ಇದೊಂದು ಗಮನಿಸಿ: ಮೈ ಹತ್ತಿಯದಾದರೂ ಸೆರಗು ರೇಷ್ಮೆ ಎಳೆಯದು, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ತೊಳೆದಾಗ ಎರಡೂ ಒಂದೇ ಥರ ಎಳೆದುಕೊಳ್ಳುವುದಿಲ್ಲ. ಅದಕ್ಕೆ ತೋಪು ತೆನಿ ಅನ್ನುವ ಆ ಸೆರಗನ್ನು ಬಿಡಿಸಿ ಬೇರೆ ಇಟ್ಟುಕೊಳ್ಳಿ, ಕೊನೆಗೆ ಮೇಲಿನ ನಡುಭಾಗಕ್ಕೆ ಹಚ್ಚಿದರೆ ಕೌದಿಯ ಮುಖವೇ ಅದಾಗುತ್ತದೆ. ಕೆಂಪು ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ.

ಅಳತೆಗೆ ಬರೋಣ. ಐದೂವರೆ ಮೀಟರ್ ಸೀರೆಯನ್ನು ನಡುವೆ ಮಡಚಿದರೆ ಎರಡು ಪದರ, ಉದ್ದ 2.75 ಮೀಟರ್, ಅಗಲ ಸುಮಾರು 1.15 ಮೀಟರ್. ಸೆರಗು ತೆಗೆದ ಮೇಲೆ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ, ಒಬ್ಬರು ಹೊದ್ದುಕೊಳ್ಳಲು ಸಾಕು. ಅವ್ವನದು ಎಂಟು ಒಂಬತ್ತು ಗಜದ ಸೀರೆಯಾದರೆ ಮೂರು ಪದರವೇ ಬಂದೀತು. ಇಲ್ಲದಿದ್ದರೆ ನಡುವೆ ಹಳೆಯ ಪಂಚೆ ಒಂದು ಸೇರಿಸಿ. ನಮ್ಮ ಹವೆಗೆ ಮೂರು ಪದರ ಬೇಕಾದಷ್ಟಾಯಿತು. ಬಹಳ ಪದರ ಹಾಕಿದರೆ ಸೂಜಿ ಇಳಿಯುವುದಿಲ್ಲ, ತೊಳೆಯುವವರಿಗೂ ಕಷ್ಟ.

ನೆಲ ಒರೆಸಿ, ಪದರ ಹಾಸಿ, ಸುಕ್ಕು ಕೈಯಿಂದ ನೀವಿ, ನಾಲ್ಕು ಮೂಲೆಗೂ ಭಾರ ಇಡಿ. ನಡುವಿನಿಂದ ಅಂಚಿನ ಕಡೆಗೆ ಗೇಣುದ್ದ ಟಾಕ ಹಾಕುತ್ತಾ ಬನ್ನಿ. ಇದು ಬರೀ ಹಿಡಿದಿಡುವ ಹೊಲಿಗೆ, ಆಮೇಲೆ ಬಿಚ್ಚುವಂಥದ್ದು. ಇದನ್ನು ಬಿಟ್ಟು ನೇರ ಹೊಲಿಯಲು ಕೂತವರ ಕೌದಿ ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಕಡೆ ಉಬ್ಬಿ ನಿಂತಿರುತ್ತದೆ. ಆಮೇಲೆ ದಪ್ಪ ಹತ್ತಿ ದಾರ ಎರಡೆಳೆ ಮಾಡಿಕೊಂಡು ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ಒಳಗೆ ಬನ್ನಿ. ಹೊಲಿಗೆ ಜೋಳದ ಕಾಳಿನಷ್ಟು ಇರಲಿ, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ ಸಾಕು. ಎಲ್ಲ ಒಂದೇ ಅಳತೆ ಬರಲಿಲ್ಲ ಅಂತ ಚಿಂತೆ ಮಾಡಬೇಡಿ. ಕೈಹೊಲಿಗೆ ಅಂದರೆ ಹಾಗೇ ಇರಬೇಕು.

ಪಂಚಮಿಗೆ ನಾಲ್ಕೂ ಒಬ್ಬರೇ ಮುಗಿಸುವುದು ಕಷ್ಟ. ನಿಮ್ಮೂರಲ್ಲಿ ಕೌದಿ ಹೊಲಿಯುವ ಅಜ್ಜಿಯರಿದ್ದರೆ ಜೊತೆಗೆ ಕರೆದುಕೊಳ್ಳಿ. ಕೂಲಿ ಸರಿಯಾಗಿ ಕೊಡಿ. ಕೈ ಹೇಗೆ ಓಡಿಸಬೇಕು ಅನ್ನುವುದು ನನ್ನ ಬರಹಕ್ಕಿಂತ ಅವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಬೇಗ ಬರುತ್ತದೆ. ಒಂದು ಮೂಲೆಯಲ್ಲಿ ಅವ್ವನ ಹೆಸರು ದಾರದಲ್ಲಿ ಬರೆಯಲು ಮರೆಯಬೇಡಿ. ಮೊಮ್ಮಕ್ಕಳು ಅದನ್ನು ಓದುತ್ತಾರೆ.

*ಮೇಡಂ, ಸೀರೆ ಕುಚ್ಚು ಕಟ್ಟುವುದು ಕಲಿತಿದ್ದೇನೆ. ಒಬ್ಬ ಗೆಳತಿಗೆ ಪ್ರೀತಿಯಿಂದ ಕ್ರೋಶಾ ಕುಚ್ಚು ಕಟ್ಟಿ ಕೊಟ್ಟೆ. ಈಗ ಓಣಿಯವರೆಲ್ಲ ಸೀರೆ ತಂದು "ನಂಗೂ ಒಂದು ಹಾಕಿಕೊಡು" ಅಂತಾರೆ. ದುಡ್ಡಿನ ಮಾತೇ ಇಲ್ಲ.*
*– ರಾಯಚೂರಿನ ಓದುಗರು*

ತಂಗಿ, ಕೊಡಬೇಕು ಅಂತ ನಿಮಗೆ ಅನಿಸಿದ್ದು ಉಡುಗೊರೆ. ಅವರು ಕೇಳಿದ್ದು ಕೆಲಸ. ಸೀರೆ ಕೈಗೆ ತೆಗೆದುಕೊಳ್ಳುವ ಮೊದಲೇ ದರ ಹೇಳಿಬಿಡಿ, ತೆಗೆದುಕೊಂಡ ಮೇಲೆ ಬಾಯಿ ಬರುವುದಿಲ್ಲ. ಸಿಲ್ಕ್ ದಾರ, ಮಣಿ ಎಷ್ಟಾಯಿತು ಅಂತ ಬರೆದಿಟ್ಟುಕೊಳ್ಳಿ, ಎಷ್ಟು ಗಂಟೆ ಕೂತಿರಿ ಅಂತಲೂ ಬರೆಯಿರಿ. ಎರಡು ಸೀರೆ ಮುಗಿಯುವಷ್ಟರಲ್ಲಿ ನಿಮ್ಮ ದರ ನಿಮಗೇ ಗೊತ್ತಾಗುತ್ತದೆ. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ಮಣಿಕಟ್ಟು ನೋಯುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಡಿ.

*ನಮ್ಮ ತಾಂಡಾದ ಅಕ್ಕನ ಹತ್ತಿರ ಕನ್ನಡಿ ಹೊಲಿಗೆ ಕಲಿಯುತ್ತಿದ್ದೇನೆ. ಕಾಲೇಜು ಗೆಳತಿಯರಿಗೆ ಸಣ್ಣ ಪರ್ಸ್ ಮಾಡಿ ಕೊಡಬೇಕು. ಬಟ್ಟೆಗೆ ನಮ್ಮ ಅಣ್ಣ ಬಳ್ಳಾರಿಯ ಜೀನ್ಸ್ ಯೂನಿಟ್‌ನಿಂದ ಉಳಿದ ತುಂಡು ತಂದುಕೊಡುತ್ತಾನೆ. ಕನ್ನಡಿ ಎರಡೇ ದಿನಕ್ಕೆ ಉದುರುತ್ತಿದೆ. ಗಮ್ ಹಾಕಲಾ?*
*– ಸಂಡೂರು ತಾಲೂಕಿನ ಓದುಗರು*

ಗಮ್ ಬೇಡ. ತೊಳೆದರೆ ಬಿಡುತ್ತದೆ, ಸುತ್ತ ಹಳದಿ ಕಲೆ ಉಳಿಯುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಅಂಥ ಕೈಗಳ ಹತ್ತಿರ ಕಲಿಯುತ್ತಿದ್ದೀರಿ, ಅವರು ಹೇಳಿಕೊಟ್ಟಂತೆ ದಾರದಿಂದಲೇ ಕೂರಿಸಿ.

ಮೊದಲು ಕನ್ನಡಿಯ ಮೇಲೆ ನಾಲ್ಕು ಅಡ್ಡ ಎಳೆ ಹಾಕುತ್ತೀರಲ್ಲ, ಅವು ತೀರಾ ಅಂಚಿಗೆ ಬಂದಿರುತ್ತವೆ. ಆಮೇಲೆ ಸುತ್ತ ಹೊಲಿಗೆ ಹಾಕುವಾಗ ಆ ಎಳೆಗಳು ಹೊರಗೆ ಎಳೆಯಲ್ಪಟ್ಟು ಕನ್ನಡಿ ಜಾರುತ್ತದೆ. ಎಳೆಗಳನ್ನು ನಡುವಿನ ಕಡೆಗೆ ತನ್ನಿ, ಬಿಗಿಯಾಗಿ ಎಳೆಯಿರಿ. ಅದರ ಮೇಲೆ ಇನ್ನೂ ನಾಲ್ಕು ಎಳೆ ಮೂಲೆಯಿಂದ ಮೂಲೆಗೆ ಹಾಕಿ, ಆಮೇಲೆ ಸುತ್ತಲಿನ ಹೊಲಿಗೆ. ಅಂಚು ಹರಿತ ಇರುವ ಕನ್ನಡಿ ದಾರ ಕತ್ತರಿಸುತ್ತದೆ, ಕಲ್ಲಿಗೆ ಸ್ವಲ್ಪ ಉಜ್ಜಿ ನುಣುಪು ಮಾಡಿ.

ಜೀನ್ಸ್ ಬಟ್ಟೆ ಒಳ್ಳೆಯದೇ, ಗಟ್ಟಿ ಇರುತ್ತದೆ. ಆದರೆ ಹೊಸ ತುಂಡು ನೀಲಿ ಬಿಡುತ್ತದೆ, ನೀರು ತಿಳಿಯಾಗುವ ತನಕ ಎರಡು ಮೂರು ಸಲ ತೊಳೆದೇ ಹೊಲಿಗೆ ಶುರು ಮಾಡಿ. ಕನ್ನಡಿಗೆ ತೆಳು ಜೀನ್ಸ್ ಆರಿಸಿ, ದಪ್ಪದ್ದರಲ್ಲಿ ಕೈಸೂಜಿ ಇಳಿಯದೆ ಬೆರಳು ನೋಯುತ್ತದೆ. ಪರ್ಸ್ ಅಂಚು ಮಷಿನ್‌ನಲ್ಲಿ ಹೊಲಿಯುವುದಾದರೆ 16 ನಂಬರ್ ಸೂಜಿ ಹಾಕಿ. ಕಸೂತಿ ಕೆಲಸವೆಲ್ಲ ಮುಗಿದ ಮೇಲೆ, ಪರ್ಸ್ ಜೋಡಿಸುವ ಮೊದಲು, ಒಳಗಡೆಗೆ ಹಳೆ ಹತ್ತಿ ಬಟ್ಟೆಯ ಲೈನಿಂಗ್ ಕೊಡಿ. ಹಿಂಬದಿಯ ದಾರಕ್ಕೆ ಬೀಗದ ಕೈ ಸಿಕ್ಕಿ ಎಳೆದರೆ ಎಷ್ಟೇ ಚೆನ್ನಾಗಿ ಕೂರಿಸಿದ ಕನ್ನಡಿಯೂ ಬಿಚ್ಚಿಕೊಳ್ಳುತ್ತದೆ.