ಅಪ್ಪನ ಸಹಿ ಇದ್ದರೆ ಸಾಕೇ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು. ತಂದೆಗೆ ಒಂಬತ್ತು ವರ್ಷಗಳಿಂದ ಪಾರ್ಕಿನ್‌ಸನ್ ಕಾಯಿಲೆ. ತಮ್ಮ ಕಾಲಾನಂತರ ಮೆದುಳನ್ನು ಸಂಶೋಧನೆಗೆ ಕೊಡಿ ಎನ್ನುತ್ತಾರೆ. ಅಣ್ಣನಿಗೆ ಮನಸ್ಸಿಲ್ಲ. ಅಪ್ಪ ಸಹಿ ಹಾಕಿದರೆ ಸಾಲದೇ? ಆಮೇಲೆ ಅದು ಯಾರ ಕೈ ಸೇರುತ್ತದೆ?

ಉತ್ತರ: ಸಹಿ ಬೇಕು, ಅದೊಂದೇ ಸಾಲದು. ಸಾವಿನ ಹೊತ್ತಿಗೆ ಮೆದುಳು ಬ್ಯಾಂಕಿಗೆ, ಅಂದರೆ ದಾನದ ಮೆದುಳನ್ನು ಸಂಶೋಧನೆಗಾಗಿ ಕಾದಿಡುವ ಕೇಂದ್ರಕ್ಕೆ, ಫೋನ್ ಮಾಡಬೇಕಾದವರು ಮನೆಯವರು. ಅವರ ಒಪ್ಪಿಗೆಯನ್ನು ಆಗ ಮತ್ತೆ ಕೇಳುತ್ತಾರೆ. ಅಣ್ಣ ಪಟ್ಟು ಹಿಡಿದರೆ ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ಪಾರ್ಕಿನ್‌ಸನ್‌ನಲ್ಲಿ ಕೆಲವರಿಗೆ ಮುಂದೆ ಮರೆವು, ಗೊಂದಲ ಬರುವುದುಂಟು. ಆದ್ದರಿಂದ ತಂದೆಯವರ ಮಾತು ನಿಚ್ಚಳವಾಗಿರುವಾಗಲೇ ಅಣ್ಣನನ್ನು ಎದುರಿಗೆ ಕೂರಿಸಿ ಮಾತಾಡಿಸಿ.

ಅಣ್ಣನ ಹೆದರಿಕೆ ಮುಖ ವಿರೂಪವಾದೀತೆಂದೇ? ತಲೆಯ ಹಿಂಬದಿಯಲ್ಲಿ ಕಿವಿಯಿಂದ ಕಿವಿಗೆ ಗೀರಿ ತೆಗೆದು ಹೊಲಿಯುತ್ತಾರೆ. ಅಂತಿಮ ದರ್ಶನಕ್ಕೆ ಮಲಗಿಸಿದಾಗ ಕಾಣುವುದಿಲ್ಲ. ಮೆದುಳಿನ ಒಂದು ಭಾಗ ಕೆಡದಂತೆ ಕಾಪಾಡುವ ಫಾರ್ಮಾಲಿನ್ ದ್ರಾವಣಕ್ಕೆ, ಇನ್ನೊಂದು ಮೈನಸ್ 80 ಡಿಗ್ರಿಯ ಫ್ರೀಜರಿಗೆ. ಡಬ್ಬದ ಮೇಲೆ ಹೆಸರಲ್ಲ, ಸಂಕೇತ ಸಂಖ್ಯೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಬ್ಯಾಂಕಿನಲ್ಲಿ ಇದೆಯೆಂದ ಮಾತ್ರಕ್ಕೆ ಯಾವ ವಿಜ್ಞಾನಿಯೂ ತುಂಡು ಕೊಯ್ದುಕೊಂಡು ಹೋಗುವಂತಿಲ್ಲ. ಆತನ ಸಂಶೋಧನೆಯ ಪ್ರಸ್ತಾವವನ್ನು ನೈತಿಕ ಸಮಿತಿ ಒಪ್ಪಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಮಂದಿ. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರು. ವೈದ್ಯರ ನಡುವೆ ಕಾನೂನು ಬಲ್ಲವರೂ ಒಬ್ಬ ಜನಸಾಮಾನ್ಯರೂ ಇರುತ್ತಾರೆ. ಆ ಕೊನೆಯವರ ಪೆದ್ದು ಪ್ರಶ್ನೆಗಳೇ ಎಷ್ಟೋ ಸಲ ದೊಡ್ಡ ಪ್ರಶ್ನೆಗಳು.

ನೀವು ಕೇಳದ ಸಂಗತಿಯೊಂದಿದೆ. ಮೆದುಳಿನ ಜೊತೆ ವಂಶವಾಹಿಯೂ ಹೋಗುತ್ತದೆ. ಪಾರ್ಕಿನ್‌ಸನ್ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಅಂಥದ್ದು ಕಂಡರೆ ನಿಮಗೆ ತಿಳಿಸಬೇಕೇ, ಬೇಡವೇ? ಈ ಒಪ್ಪಿಗೆ ಯಾವ್ಯಾವ ಸಂಶೋಧನೆಗೆ? ವಿದೇಶಕ್ಕೂ ಕಳಿಸಬಹುದೇ? ಹಿಂತೆಗೆದುಕೊಳ್ಳಲು ಸಾಧ್ಯವೇ? ಸಹಿಗೆ ಮೊದಲು ಕೇಳಿ. ಹಿಂತೆಗೆದುಕೊಂಡರೂ ಅಷ್ಟರಲ್ಲಿ ಬಳಸಿದ ಅಂಗಾಂಶ ಮರಳಿ ಬರುವುದಿಲ್ಲ. ದಾನಕ್ಕೆ ಹಣ ಕೊಡುತ್ತೇವೆಂದು ಯಾರಾದರೂ ಬಂದರೆ ಬಾಗಿಲು ಹಾಕಿ.

ಗಡಿನಾಡಿನವರಿಗೆ ಇನ್ನೆರಡು ಮಾತು. ಕನ್ನಡ ಶಾಲೆಯಲ್ಲಿ ಓದಿದ ತಂದೆಯವರ ಮುಂದೆ ಮಲಯಾಳದ್ದೋ ಇಂಗ್ಲಿಷಿನದ್ದೋ ಫಾರಂ ಇಟ್ಟು 'ಇಲ್ಲಿ ಸಹಿ' ಎಂದರೆ ಅದು ಒಪ್ಪಿಗೆಯಲ್ಲ, ಬರೀ ಶಾಯಿ. ಅರ್ಥವಾಗುವ ಭಾಷೆಯಲ್ಲಿ ಕೇಳುವುದು ಅವರ ಹಕ್ಕು. ಎರಡನೆಯದು ದೂರ. ಗಂಟೆಗಳು ಉರುಳಿದಂತೆ ಅಂಗಾಂಶ ಕೆಡುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬೆಂಗಳೂರು ಇನ್ನಷ್ಟು ದೂರ. ಬದಿಯಡ್ಕದಿಂದ ಸ್ವೀಕರಿಸುತ್ತಾರೆಯೇ, ಹತ್ತಿರದಲ್ಲಿ ಎಲ್ಲಿ ತೆಗೆಸಬಹುದು ಎಂಬುದನ್ನು ಬ್ಯಾಂಕಿನವರಿಂದ ಈಗಲೇ ತಿಳಿದು, ಆ ನಂಬರನ್ನು ಅಣ್ಣನ ಮೊಬೈಲಿನಲ್ಲೂ ಹಾಕಿಡಿ.