ಕೈ ಹಿಂದೆ ಬಂದಾಗ ಮಿದುಳು ಏನು ಮಾಡುತ್ತಿತ್ತು?

ಬಿಸಿ ಪಾತ್ರೆ ಮುಟ್ಟಿದಾಗ ನೋವು ಗೊತ್ತಾಗುವ ಮೊದಲೇ ಕೈ ಹಿಂದೆ ಬರುತ್ತದೆ, ಹಾಗಾದರೆ ಮಿದುಳಿಗೆ ಅಲ್ಲಿ ಕೆಲಸವೇ ಇಲ್ಲವೇ ಎಂದು ಕೇಳಿದ್ದೀರಿ. ಕೈ ಎಳೆದುಕೊಳ್ಳುವ ಆದೇಶ ಹೊರಡುವುದು ಬೆನ್ನುಹುರಿಯಿಂದ. ಚರ್ಮದಿಂದ ಜ್ಞಾನವಾಹಿ ನರ ಅಲ್ಲಿಗೆ ಸುದ್ದಿ ಮುಟ್ಟಿಸುತ್ತದೆ, ನಡುವಿನ ನರಕೋಶಗಳು ಅದನ್ನು ಕ್ರಿಯಾವಾಹಿ ನರಕ್ಕೆ ದಾಟಿಸುತ್ತವೆ, ತೋಳಿನ ಸ್ನಾಯು ಸಂಕುಚಿಸುತ್ತದೆ. ಅದೇ ಸುದ್ದಿ ಮಿದುಳಿನತ್ತಲೂ ಹೊರಟಿರುತ್ತದೆ, ಆದರೆ ಆ ದಾರಿ ಉದ್ದ.

ನೋವು ಕೂಡ ಎರಡು ಕಂತುಗಳಲ್ಲಿ ಬರುತ್ತದೆ, ಗಮನಿಸಿದ್ದೀರಾ? ಮೊದಲ ಚುರುಕನ್ನು ತರುವ ಎ-ಡೆಲ್ಟಾ ನರತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಆಮೇಲಿನ ಉರಿಯನ್ನು ತರುವ ಸಿ ತಂತುಗಳದ್ದು ಹೆಚ್ಚೆಂದರೆ 2 ಮೀಟರ್.

ಆದರೆ ಮಿದುಳಿಗೆ ಕೆಲಸವಿಲ್ಲ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಾತ್ರೆ ಬಿಟ್ಟರೆ ಪಕ್ಕದಲ್ಲಿರುವ ಮಗುವಿನ ಮೇಲೆ ಬೀಳುತ್ತದೆ ಎಂದಾದರೆ ಹಲ್ಲು ಕಚ್ಚಿ ಹಿಡಿದೇ ಇರುತ್ತೀರಿ. ಮಿದುಳಿನಿಂದ ಇಳಿದು ಬರುವ ಸಂಕೇತಗಳು ಬೆನ್ನುಹುರಿಯ ಈ ಪರಾವರ್ತಿತ ಪ್ರತಿಕ್ರಿಯೆಯನ್ನು ತಡೆಹಿಡಿಯಬಲ್ಲವು. ಪ್ರಾಥಮಿಕ ವಿವರಣೆಗಳು ಈ ಭಾಗವನ್ನು ಹಾರಿಸಿಬಿಡುವುದೇ ಗೊಂದಲಕ್ಕೆ ಕಾರಣ ಎನಿಸುತ್ತದೆ.

ಅಂದ ಹಾಗೆ, ವೈದ್ಯರು ಮೊಣಕಾಲಿನ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವ ದಾರಿಯಲ್ಲಿ ನಡುವಿನ ನರಕೋಶವೂ ಇಲ್ಲ. ಅಲ್ಲಿ ಜ್ಞಾನವಾಹಿ ನರ ಕ್ರಿಯಾವಾಹಿ ನರದೊಂದಿಗೆ ನೇರವಾಗಿಯೇ ವ್ಯವಹರಿಸುತ್ತದೆ.